ಕಂಠೀರವ ಒಳಾಂಗಣ ಕ್ರೀಡಾಂಗಣ: ಚಾವಣಿಗೇ ಪೂರ್ತಿ ಅಂಕ

ಶಾಲೆಯಲ್ಲಿ ಪಿ.ಟಿ. ಟೀಚರ್ ನಾನು, ಹುಡುಗಿಯರಿಗೆ ವಾಲಿಬಾಲ್ ಹೇಳಿಕೊಡುತ್ತೇನೆ. ಯಾವ ಒಳಾಂಗಣಕ್ಕೆ ಹೋದರೂ ಮೊದಲು ಕಣ್ಣು ಹೋಗುವುದು ಚಾವಣಿ ಕಡೆಗೆ. ಬೆಂಗಳೂರಿನ ಶ್ರೀ ಕಂಠೀರವ ಒಳಾಂಗಣ ನನಗೆ ಅಚ್ಚುಮೆಚ್ಚಾಗಿದ್ದೂ ಅದಕ್ಕೇ. ಮೇಲೆ ದೊಡ್ಡ ಗುಮ್ಮಟ, ಆಡುವ ಜಾಗದಲ್ಲಿ ಒಂದೂ ಕಂಬ ಇಲ್ಲ, ಸುತ್ತ ಸುಮಾರು 4,000 ಜನ ಕೂರಬಹುದು.

ವಾಲಿಬಾಲ್ ಅಂಕಣದ ಮೇಲೆ ಕಡಿಮೆ ಅಂದರೂ 7 ಮೀಟರ್ ಖಾಲಿ ಇರಬೇಕು ಅನ್ನುತ್ತದೆ ನಿಯಮ. ವಿಶ್ವ ಮಟ್ಟದ ಪಂದ್ಯಕ್ಕೆ 12.5 ಮೀಟರ್. ದೊಡ್ಡ ಬ್ಯಾಡ್ಮಿಂಟನ್ ಟೂರ್ನಿಗೆ 12 ಮೀಟರ್. ಕಬಡ್ಡಿಗೆ ಇಷ್ಟೆಲ್ಲ ಬೇಡ. ಎಲ್ಲಕ್ಕಿಂತ ಜಾಸ್ತಿ ಕೇಳುವ ಆಟದ ಅಳತೆ ಹಿಡಿದು ಕಟ್ಟಿದರೆ ಮಿಕ್ಕ ಆಟಗಳಿಗೆ ಜಾಗ ತಾನಾಗಿ ಸಿಗುತ್ತದೆ. ಗೆರೆ ಅಳಿಸಿ ಮತ್ತೆ ಎಳೆಯಬಹುದು, ನೆಲದ ಮೇಲೆ ಬೇರೆ ನೆಲ ಹಾಸಬಹುದು. ಚಾವಣಿ ಎತ್ತರಿಸಲು ಆಗುತ್ತದಾ?

2017ರ ಜುಲೈನಲ್ಲಿ ಮಹಿಳೆಯರ ಏಷ್ಯಾ ಕಪ್ ಬ್ಯಾಸ್ಕೆಟ್‌ಬಾಲ್ ಇಲ್ಲಿ ನಡೆಯಿತು. ಬಿ ವಿಭಾಗದ ಫೈನಲ್‌ನಲ್ಲಿ ನಮ್ಮವರು ಕಜಕಿಸ್ತಾನವನ್ನು 75-73ರಲ್ಲಿ ಸೋಲಿಸಿದರು. ಅದೇ ಸೂರಿನಡಿ ಬೆಂಗಳೂರು ಬುಲ್ಸ್ ಕಬಡ್ಡಿಯನ್ನೂ ಆಡಿದೆ. ಬ್ಯಾಸ್ಕೆಟ್‌ಬಾಲ್‌ಗೆ 28 ಮೀಟರ್ ಉದ್ದ ಬೇಕು, ಗಂಡಸರ ಕಬಡ್ಡಿಗೆ 13 ಮೀಟರ್ ಸಾಕು. ಕಬಡ್ಡಿ ಮ್ಯಾಟ್ ತುಂಡು ತುಂಡಾಗಿ ಬರುತ್ತದೆ. ಅಂಚಿನ ಹಲ್ಲುಗಳನ್ನು ಒಂದಕ್ಕೊಂದು ಸಿಕ್ಕಿಸಿ, ಕಾಲಲ್ಲಿ ಒತ್ತಿ ಒತ್ತಿ ಕೂರಿಸುತ್ತಾರೆ. ಒಂದು ಅಂಚು ಎದ್ದಿದ್ದರೂ ರೈಡರ್ (ಎದುರಾಳಿ ಅಂಕಣಕ್ಕೆ ನುಗ್ಗುವ ಆಟಗಾರ) ಎಡವುವುದು ಅಲ್ಲೇ.

ಕಬಡ್ಡಿ ನೋಡಲು ಹೋದರೆ ಮಿಡ್‌ಲೈನ್ ನೇರಕ್ಕೆ, ಪಕ್ಕದಲ್ಲಿ ಸೀಟು ಹಿಡಿಯಿರಿ. ರೈಡರ್ ಒಂದು ಕಾಲನ್ನು ಬೋನಸ್ ಗೆರೆಯಾಚೆ (ಹೆಚ್ಚುವರಿ ಅಂಕ ತರುವ ಗೆರೆ) ಇಟ್ಟಾಗ ಇನ್ನೊಂದು ಕಾಲು ಗಾಳಿಯಲ್ಲಿತ್ತಾ ಅನ್ನುವುದು ಅಲ್ಲಿಂದ ಚೆನ್ನಾಗಿ ಕಾಣುತ್ತದೆ. ಅಂಕಣದ ತುದಿಯ ಹಿಂದೆ ಕೂತರೆ ಡಿಫೆಂಡರ್‌ಗಳ ಬೆನ್ನೇ ಅಡ್ಡ.

ಈಗ ಬಡಾವಣೆಗೊಂದು ‘ಮಲ್ಟಿ ಸ್ಪೋರ್ಟ್ಸ್’ ಶೆಡ್ ಎದ್ದಿದೆ. ನಮ್ಮ ಕಡೆಯ ಒಂದರಲ್ಲಿ ನೆಲದ ತುಂಬ ನಾಲ್ಕು ಬಣ್ಣದ ಗೆರೆ ಇವೆ. ಆದರೆ ವಾಲಿಬಾಲ್‌ನಲ್ಲಿ ಹೊಡೆಯುವವರಿಗೆ ಚೆಂಡು ಎತ್ತಿಕೊಡುವ ಸೆಟ್ಟರ್ ಸ್ವಲ್ಪ ಮೇಲಕ್ಕೆ ಎತ್ತಿಕೊಟ್ಟರೆ ಚೆಂಡು ಟ್ರಸ್‌ಗೆ (ಚಾವಣಿ ಹೊತ್ತ ಚೌಕಟ್ಟು) ಬಡಿಯುತ್ತದೆ. ಮಕ್ಕಳು ಹೆದರಿ ಹೆದರಿ ಎತ್ತುವುದನ್ನು ರೂಢಿ ಮಾಡಿಕೊಳ್ಳುತ್ತಾರೆ. ಆಮೇಲೆ ಬಯಲಿಗೆ ಬಂದರೂ ಕೈ ಏಳುವುದಿಲ್ಲ. ನನಗೆ ಹೊಟ್ಟೆ ಉರಿಯುವುದು ಅದಕ್ಕೇ. ಬ್ಯಾಡ್ಮಿಂಟನ್‌ನವರ ಪಾಡು ಬೇರೆ. ಲೈಟು ನೆತ್ತಿಯ ಮೇಲೇ ಇದ್ದರೆ ಶಟಲ್ ಕಾಣುವುದಿಲ್ಲ, ಅದು ಕೋರ್ಟಿನ ಪಕ್ಕಕ್ಕಿರಬೇಕು. ಶಟಲ್ ತೂಕ ಹೆಚ್ಚೆಂದರೆ ಐದೂವರೆ ಗ್ರಾಂ. ಫ್ಯಾನ್ ಗಾಳಿಗೇ ದಿಕ್ಕು ತಪ್ಪುತ್ತದೆ.

ಇಂಥ ಶೆಡ್ ಬುಕ್ ಮಾಡುವ ಮೊದಲು ಎತ್ತರ ಎಷ್ಟು ಅಂತ ಕೇಳಿ. ನೆಟ್ಟಗೆ ನಡುಮಧ್ಯದ ಅಳತೆ ಹೇಳುತ್ತಾರೆ, ಒಪ್ಪಬೇಡಿ. ಇಳಿಜಾರು ಶೀಟಿನಡಿ ಮೂಲೆ ಕೋರ್ಟಿಗೆ ಅಷ್ಟು ಎತ್ತರ ಸಿಗುವುದಿಲ್ಲ. ನಿಮಗೆ ಕೊಡುವ ಕೋರ್ಟಿನ ಮೇಲೆ, ಟ್ರಸ್‌ನ ಕೆಳಗೆ ಎಷ್ಟಿದೆ ಅಂತಲೇ ಕೇಳಿ.