ಹೆಸರು ಕೇಳದ ರಿಜಿಸ್ಟರ್: ಬಳ್ಳಾರಿಯ ಒಂದು ಸಹಾಯ ಕೇಂದ್ರದ ಕುರಿತು

ಬಳ್ಳಾರಿಯಲ್ಲಿ ಲೈಂಗಿಕ ವೃತ್ತಿಯಲ್ಲಿರುವ ಮಹಿಳೆಯರೇ ಕೂಡಿಕೊಂಡು ನಡೆಸುತ್ತಿರುವ ಸಹಾಯ ಕೇಂದ್ರವೊಂದಕ್ಕೆ ಕಳೆದ ಒಂದು ವರ್ಷದಲ್ಲಿ ನಾನು ಆರೇಳು ಸಲ ಹೋಗಿ ಬಂದಿದ್ದೇನೆ. ಅದರ ಹೆಸರನ್ನಾಗಲಿ ಓಣಿಯನ್ನಾಗಲಿ ಇಲ್ಲಿ ಬರೆಯುವುದಿಲ್ಲ. ಅಲ್ಲಿಗೆ ಬರುವವರ ನೆಮ್ಮದಿ ಆ ಗುಟ್ಟಿನ ಮೇಲೆಯೇ ನಿಂತಿದೆ. ಅಗತ್ಯವಿರುವವರಿಗೆ ಸರ್ಕಾರಿ ಆಸ್ಪತ್ರೆಯ ಐಸಿಟಿಸಿಯ (ಎಚ್‌ಐವಿ ಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರದ) ಆಪ್ತಸಮಾಲೋಚಕರು ದಾರಿ ತೋರಿಸುತ್ತಾರೆ. ನಾನು ಪ್ರೌಢಶಾಲೆಯ ಶಿಕ್ಷಕಿ. ನನ್ನ ತರಗತಿಯ ಹುಡುಗಿಯೊಬ್ಬಳ ತಾಯಿಗೆ ಆಧಾರ್ ಕಾರ್ಡ್ ಇರಲಿಲ್ಲ, ಅದಿಲ್ಲದೆ ಬ್ಯಾಂಕ್ ಖಾತೆ ತೆರೆಯಲು ಆಗುತ್ತಿರಲಿಲ್ಲ ಎಂಬ ಕಾರಣಕ್ಕೆ ಮೊದಲ ಸಲ ಆ ಮೆಟ್ಟಿಲು ಹತ್ತಿದೆ.

ಆ ತಾಯಿ ಕೊಪ್ಪಳ ಜಿಲ್ಲೆಯ ಹಳ್ಳಿಯೊಂದರಿಂದ ಚಿಕ್ಕ ವಯಸ್ಸಿನಲ್ಲೇ ಬಳ್ಳಾರಿಗೆ ಬಂದವರು. ಹುಟ್ಟಿದ ಊರಿನ ದಾಖಲೆ ಇಲ್ಲ, ಬಾಡಿಗೆ ಕೊಟ್ಟವರು ಕರಾರುಪತ್ರ ಬರೆದುಕೊಡುವುದಿಲ್ಲ. ಕೇಂದ್ರಕ್ಕೆ ಬರುವ ಮೊದಲು ನಾವು ಹೋಗಿದ್ದ ಕಚೇರಿಯೊಂದರಲ್ಲಿ, ಸಾಲಿನಲ್ಲಿ ನಿಂತವರೆಲ್ಲ ಕೇಳುವಂತೆ, ‘ಏನ್ ಕೆಲಸ ಮಾಡ್ತೀಯಮ್ಮ?’ ಎಂದು ಎರಡೆರಡು ಸಲ ವಿಚಾರಿಸಿದರು. ಆಕೆ ಉತ್ತರ ಕೊಡದೆ ಸೆರಗು ಬಿಗಿಹಿಡಿದು ಹೊರಗೆ ನಡೆದುಬಿಟ್ಟರು. ಕೇಂದ್ರದಲ್ಲಿ ಆದದ್ದೇ ಬೇರೆ. ಕೆಳಗೆ ಹೊಲಿಗೆ ಅಂಗಡಿ, ಅದರ ಪಕ್ಕಕ್ಕೆ ಮೆಟ್ಟಿಲು, ಮೇಲೆ ಎರಡು ಕೋಣೆ. ರವಿಕೆ ಹೊಲಿಸಲು ಬಂದವರು ಯಾರು, ಮೇಲಕ್ಕೆ ಹೋಗುವವರು ಯಾರು ಎಂದು ಬೀದಿಗೆ ತಿಳಿಯುವುದಿಲ್ಲ. ಬಾಗಿಲ ಬಳಿಯ ರಿಜಿಸ್ಟರಿನಲ್ಲಿ ಕ್ರಮಸಂಖ್ಯೆ ಮತ್ತು ದಿನಾಂಕಕ್ಕೆ ಮಾತ್ರ ಗೆರೆ ಎಳೆದಿದ್ದಾರೆ, ಹೆಸರಿಗೆ ಜಾಗವೇ ಇಲ್ಲ. ಅಲ್ಲಿ ಕುಳಿತಿದ್ದ ಹಿರಿಯ ಕಾರ್ಯಕರ್ತೆ, ‘ಕುಂದ್ರ್ರಿ ಅಕ್ಕಾ, ಮೊದ್ಲು ಚಾ ಕುಡೀರಿ. ಹೇಳ್ಬೇಕು ಅನಿಸಿದಷ್ಟು ಹೇಳ್ರಿ, ಸಾಕು’ ಎಂದರು. ಇಂಥ ಸೇವೆಯನ್ನು ಅಳೆಯಲು ನನ್ನ ಬಳಿ ಇರುವುದು ಒಂದೇ ಅಳತೆಗೋಲು: ಒಬ್ಬ ಹೆಣ್ಣುಮಗಳ ಬಾಯಿಂದ ಅವಳ ಕಥೆಯನ್ನು ಎಷ್ಟು ಸಲ ಹೇಳಿಸುತ್ತಾರೆ? ಆ ತಾಯಿ ಅಲ್ಲಿ ಒಂದೇ ಸಲ, ಒಬ್ಬರ ಮುಂದೆ, ಬಾಗಿಲು ಮುಚ್ಚಿದ ಕೋಣೆಯಲ್ಲಿ ಹೇಳಿದರು. ಮುಂದಿನ ಕಾಗದಪತ್ರವೆಲ್ಲ ಆ ಒಂದು ಮಾತುಕತೆಯ ಮೇಲೆಯೇ ನಡೆಯಿತು.

ಬುದ್ಧದೇವ್ ಕರ್ಮಾಸ್ಕರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2022ರ ಮೇ 19ರಂದು ನೀಡಿದ ಆದೇಶದ ಪ್ರಕಾರ, ವಿಳಾಸದ ಪುರಾವೆ ಇಲ್ಲದ ಲೈಂಗಿಕ ವೃತ್ತಿನಿರತರಿಗೆ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯ ಗೆಜೆಟೆಡ್ ಅಧಿಕಾರಿ ಇಲ್ಲವೇ ರಾಜ್ಯದ ಏಡ್ಸ್ ನಿಯಂತ್ರಣ ಸಂಸ್ಥೆಯ ಯೋಜನಾ ನಿರ್ದೇಶಕರು ಕೊಡುವ ಪ್ರಮಾಣಪತ್ರದ ಮೇಲೆ ಆಧಾರ್ ಕೊಡಬೇಕು. ನೋಂದಣಿ ಸಂಖ್ಯೆಯಲ್ಲಿ ಅವರ ವೃತ್ತಿಯನ್ನು ಸೂಚಿಸುವ ಯಾವ ಸಂಕೇತವೂ ಇರಕೂಡದು. ಕೇಂದ್ರದವರು ಈ ಆದೇಶವನ್ನು ಬಾಯಿಪಾಠ ಮಾಡಿದಷ್ಟು ಚೆನ್ನಾಗಿ ಬಲ್ಲರು. ಅರ್ಜಿ ತುಂಬಿ ಬೆಂಗಳೂರಿಗೆ ಕಳಿಸಿದ್ದು, ಪ್ರಮಾಣಪತ್ರ ತರಿಸಿದ್ದು, ಜನ ಕಡಿಮೆ ಇರುವ ಹೊತ್ತು ನೋಡಿ ನೋಂದಣಿಗೆ ಕರೆದೊಯ್ದದ್ದು ಎಲ್ಲವೂ ಅವರೇ. ಮೆಣಸಿನಕಾಯಿ ತೊಟ್ಟು ಮುರಿಯುವ ಕೂಲಿಗೂ ಹೋಗುತ್ತಿದ್ದ ಆಕೆಯ ಬೆರಳಿನ ಗೆರೆಗಳು ಸವೆದು ಯಂತ್ರ ಹಿಡಿಯದಿದ್ದಾಗ, ಕಣ್ಣಿನ ಗುರುತಿನ ಮೇಲೆ ಕೆಲಸ ಮುಗಿಯುವವರೆಗೂ ಜೊತೆಯಲ್ಲೇ ನಿಂತರು. ಎಲ್ಲ ಸೇರಿ ಏಳು ವಾರ ಹಿಡಿಯಿತು. ಕಾರ್ಡು ಕೈಗೆ ಬಂದ ದಿನ ಆ ತಾಯಿ ಅದನ್ನು ಹಿಂದೆ ಮುಂದೆ ತಿರುವಿ, ‘ಟೀಚರ್, ನನ್ ಕೆಲಸದ್ ಬಗ್ಗೆ ಇದ್ರಾಗ ಏನಾರ ಬರದಾರೇನು, ಓದಿ ಹೇಳ್ರಿ’ ಎಂದು ನನ್ನ ಕೈಗಿಟ್ಟರು. ಹೆಸರು, ಹುಟ್ಟಿದ ವರ್ಷ, ವಿಳಾಸ, ಸಂಖ್ಯೆ ಎಲ್ಲವನ್ನೂ ಒಂದೊಂದಾಗಿ ಓದಿ ಹೇಳಿದೆ.

ಇನ್ನೊಂದು ಸಲ ನಾನು ಹೋದದ್ದು ಮನೆಗೆಲಸದ ಆಸೆ ತೋರಿಸಿ ಹೊರರಾಜ್ಯಕ್ಕೆ ಒಯ್ದು ಮಾರಿದ್ದ, ರಾಯಚೂರು ಕಡೆಯ ಯುವತಿಯೊಬ್ಬಳ ಜೊತೆ. ಕೇಂದ್ರದ ಬಗ್ಗೆ ನನಗೆ ನಿಜವಾದ ಗೌರವ ಹುಟ್ಟಿದ್ದು ಆಗಲೇ. ವಯಸ್ಕಳೊಬ್ಬಳು ತಾನಾಗಿ ಮಾಡುವ ವೃತ್ತಿ ಬೇರೆ, ಮೋಸದಿಂದಲೋ ಬಲವಂತದಿಂದಲೋ ಸಾಗಿಸಿ ದುಡಿಸುವುದು ಬೇರೆ, ಈ ಎರಡನೆಯದು ಭಾರತೀಯ ನ್ಯಾಯ ಸಂಹಿತೆಯ 143ನೇ ಕಲಮಿನಡಿ ಅಪರಾಧ ಎಂಬುದನ್ನು ಅವರು ಅವಳಿಗೆ ಹತ್ತು ನಿಮಿಷದಲ್ಲಿ ತಿಳಿಯಾಗಿ ಹೇಳಿದರು. ದೂರು ಕೊಡು ಎಂದು ಒತ್ತಾಯಿಸಲಿಲ್ಲ, ಬೇಡ ಎಂದು ಹೆದರಿಸಲೂ ಇಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ ಪ್ರಕಾರ ಮಾನವ ಸಾಗಣೆಗೆ ಒಳಗಾದವರಿಗೆ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರು ಸಿಗುತ್ತಾರೆ, ಅಪರಾಧಿ ಪತ್ತೆಯಾಗದಿದ್ದರೂ ಪರಿಹಾರಕ್ಕೆ ಅರ್ಜಿ ಹಾಕಬಹುದು ಎಂಬುದು ಅಲ್ಲಿಯವರೆಗೆ ನನಗೂ ಗೊತ್ತಿರಲಿಲ್ಲ. ಅವಳು ಮೂರು ವಾರ ಯೋಚಿಸಿ ದೂರು ಕೊಡಲು ಒಪ್ಪಿದಳು. ಆ ಮೂರು ವಾರ ಕೇಂದ್ರದವರು ದಿನವೂ ಫೋನ್ ಮಾಡಿ ಊಟ ಆಯಿತೇ ಎಂದಷ್ಟೇ ಕೇಳಿದ್ದಾರೆ.

ಆದರೆ ಒಂದು ತಪ್ಪನ್ನು ಹೇಳದೆ ಬಿಡಲಾರೆ. ಕೇಂದ್ರದವರು ಪರ್ಸಿನಲ್ಲಿ ಇಟ್ಟುಕೊಳ್ಳಲೆಂದು ಲ್ಯಾಮಿನೇಟ್ ಮಾಡಿದ ಕನ್ನಡದ ಕಾರ್ಡೊಂದನ್ನು ಹಂಚುತ್ತಾರೆ. ದಾಳಿಯಾದಾಗ ಸ್ವಇಚ್ಛೆಯಿಂದ ವೃತ್ತಿಯಲ್ಲಿರುವವರನ್ನು ಬಂಧಿಸಬಾರದು, ಕಾಂಡೋಮನ್ನು ಅಪರಾಧದ ಸಾಕ್ಷ್ಯವೆಂದು ತೋರಿಸಬಾರದು, ತಾಯಿ ಈ ವೃತ್ತಿಯಲ್ಲಿದ್ದಾಳೆ ಎಂಬ ಒಂದೇ ಕಾರಣಕ್ಕೆ ಮಗುವನ್ನು ಅವಳಿಂದ ಬೇರೆ ಮಾಡಬಾರದು ಎಂದು 2022ರ ಆದೇಶದ ಮತ್ತು ಅದರಲ್ಲಿ ಉಲ್ಲೇಖಿಸಿದ, ಕೋರ್ಟ್ ನೇಮಿಸಿದ್ದ ಸಮಿತಿಯ ಶಿಫಾರಸುಗಳ ಸಾರವನ್ನು ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಿಸಿದ್ದಾರೆ. ಅಷ್ಟರಮಟ್ಟಿಗೆ ಅದು ಅಮೂಲ್ಯವಾದ ಕಾರ್ಡು. ಆದರೆ ಮೇಲಿನ ಸಾಲು ‘ನಮ್ಮ ಕೆಲಸ ಅಪರಾಧವಲ್ಲ’ ಎಂದು ಹೇಳಿ ಅಲ್ಲಿಗೇ ನಿಲ್ಲುತ್ತದೆ. 1956ರ ಅನೈತಿಕ ವ್ಯವಹಾರ ತಡೆ ಕಾಯ್ದೆಯ 7 ಮತ್ತು 8ನೇ ಕಲಮುಗಳು ಇಂದಿಗೂ ಜಾರಿಯಲ್ಲಿವೆ: ಶಾಲೆ, ಆಸ್ಪತ್ರೆ, ಗುಡಿ ಮುಂತಾದ ಸ್ಥಳಗಳ 200 ಮೀಟರ್ ಒಳಗೆ ಈ ವೃತ್ತಿ ನಡೆಸುವುದು, ಸಾರ್ವಜನಿಕ ಸ್ಥಳದಲ್ಲಿ ಗಿರಾಕಿಯನ್ನು ಕರೆಯುವುದು ಈಗಲೂ ಶಿಕ್ಷಾರ್ಹ. ಬಸ್ ನಿಲ್ದಾಣದ ಬಳಿ ನಿಲ್ಲುವ ಹೆಣ್ಣುಮಗಳು ಆ ಒಂದು ಸಾಲನ್ನು ನಂಬಿ ಪೊಲೀಸರೊಡನೆ ವಾದಕ್ಕಿಳಿದರೆ ಕಷ್ಟ ಅನುಭವಿಸುವವಳು ಅವಳೇ. ಆ ಕಲಮುಗಳು ಹೋಗಬೇಕೆಂಬುದು ನನ್ನ ಅಭಿಪ್ರಾಯ, ಆದರೆ ಹೋಗುವ ತನಕ ಅವು ಇವೆ ಎಂದು ಕಾರ್ಡಿನಲ್ಲಿ ಬರೆಯಲೇಬೇಕು.

ಲೈಂಗಿಕ ವೃತ್ತಿನಿರತರಿಗೆ ಸ್ವಉದ್ಯೋಗಕ್ಕೆ ನೆರವು ಕೊಡುವ ಮಹಿಳಾ ಅಭಿವೃದ್ಧಿ ನಿಗಮದ ಚೇತನ ಯೋಜನೆಯ ಅರ್ಜಿಯನ್ನೂ ಅಲ್ಲಿ ತುಂಬಿಕೊಡುತ್ತಾರೆ. ದೇವದಾಸಿ ಮಾಸಾಶನ ಕೇಳಿ ಬರುವವರಿಗೆ ಮಾಜಿ ದೇವದಾಸಿಯರನ್ನು ಗುರುತಿಸಲು ಸರ್ಕಾರ ನಡೆಸಿದ 1993-94 ಮತ್ತು 2007-08ರ ಸಮೀಕ್ಷೆಯ ಪಟ್ಟಿ ತೆಗೆದು ಹೆಸರು ಹುಡುಕಿಕೊಡುತ್ತಾರೆ. ಹೆಸರಿಲ್ಲದವರಿಗೆ ಸುಳ್ಳು ಆಸೆ ಹುಟ್ಟಿಸುವುದಿಲ್ಲ. ವಕೀಲರು ತಿಂಗಳಿಗೆ ಒಂದೇ ಶನಿವಾರ ಬರುವುದು ಬಹಳ ಕಡಿಮೆಯಾಯಿತು. ಮಕ್ಕಳನ್ನು ಕರೆತಂದವರಿಗೆ ಮಗುವನ್ನು ಮಲಗಿಸಲು ಒಂದು ಚಾಪೆಯೂ ಇಲ್ಲ. ಬಾಗಿಲು ಸಂಜೆ ನಾಲ್ಕಕ್ಕೆ ಮುಚ್ಚುವುದರಿಂದ ಹಗಲು ಕೂಲಿಗೆ ಹೋಗುವವರಿಗೆ ಅದು ಇದ್ದೂ ಇಲ್ಲದಂತೆ. ಕಾರ್ಡಿನ ವಿಷಯ ಹೇಳಿದಾಗ ಆ ಹಿರಿಯ ಕಾರ್ಯಕರ್ತೆ ನನ್ನೆದುರೇ ವಕೀಲರಿಗೆ ಫೋನ್ ಮಾಡಿ ಕೇಳಿದರು, ಮಾತು ಖಚಿತವಾದ ಮೇಲೆ ಮೇಜಿನ ಮೇಲಿದ್ದ ಕಾರ್ಡುಗಳ ಕಟ್ಟನ್ನು ಎತ್ತಿ ಕಪಾಟಿನೊಳಗೆ ಇಟ್ಟರು. ಹೊಸದು ಅಚ್ಚಾಗುವ ಮೊದಲು ಅದರ ಕನ್ನಡವನ್ನು ತಿದ್ದಿಕೊಡುವ ಕೆಲಸ ನನಗೆ ಒಪ್ಪಿಸಿದ್ದಾರೆ.