ಶಿವಮೊಗ್ಗದಲ್ಲಿ ಕಾರಿಗೆ ಸೌಂಡ್ ಸಿಸ್ಟಮ್ ಹಾಕಿಸೋರು ದಯವಿಟ್ಟು ಓದಿ

ಕಡಿಮೆ ದುಡ್ಡಲ್ಲಿ ಕಾರಿಗೆ ಒಳ್ಳೇ ಸೌಂಡ್ ಮಾಡಿಸ್ಬೇಕು ಅಂತ ಶಿವಮೊಗ್ಗದಲ್ಲಿ ಅಂಗಡಿ ಹುಡುಕ್ತಾ ಇದ್ದೀರಾ? ಅಡ್ವಾನ್ಸ್ ಕೊಡೋ ಮುಂಚೆ ಇದನ್ನು ಪೂರ್ತಿ ಓದಿ. ನನ್ನ 28 ಸಾವಿರ ಹೋಗಿದೆ. ಅಂಗಡಿ ಹೆಸರು ಹಾಕ್ತಿಲ್ಲ, ದೂರು ಕೊಟ್ಟಿದ್ದೇನೆ, ಅದು ನಡೀಲಿ. ಆದರೆ ಹೇಗೆ ಮೋಸ ಮಾಡಿದ ಅಂತ ತಿಳ್ಕೊಂಡ್ರೆ ಯಾವ ಅಂಗಡಿಯಲ್ಲಾದ್ರೂ ನೀವು ಹಿಡೀಬಹುದು.

ನಾನು ಕೇಳಿದ್ದು ಇಷ್ಟು. ಕಾರಿನ ಜೊತೆ ಬಂದ ಸ್ಟೀರಿಯೋ ಹಾಗೇ ಇರಲಿ. ಮುಂದಿನ ಡೋರುಗಳಿಗೆ ಒಂದು ಜೊತೆ ಕಾಂಪೊನೆಂಟ್ ಸ್ಪೀಕರ್, ಅಂದ್ರೆ ದಪ್ಪ ದನಿಗೆ ವೂಫರ್ ಬೇರೆ, ಸಣ್ಣ ದನಿಗೆ ಟ್ವೀಟರ್ ಬೇರೆ, ಮಧ್ಯೆ ದನಿಯನ್ನ ಎರಡಕ್ಕೂ ಹಂಚೋ ಕ್ರಾಸ್‌ಓವರ್. ಸಣ್ಣದೊಂದು ಆಂಪ್ಲಿಫೈಯರ್ (ಆಂಪ್). ಡೋರಿನ ಒಳಗೆ ತಗಡು ನಡುಗದ ಹಾಗೆ ಅಂಟಿಸೋ ಡ್ಯಾಂಪಿಂಗ್ ಶೀಟ್. ನಾನು ಕೇಳೋದು ಭಾವಗೀತೆ, ಹಳೇ ಚಿತ್ರಗೀತೆ, ಯಕ್ಷಗಾನ. ಭಾಗವತರ ದನಿ ಎದುರಿಂದ ಬರ್ಬೇಕು, ಚೆಂಡೆ ಬೇರೆ ಮದ್ದಳೆ ಬೇರೆ ಕೇಳ್ಬೇಕು. ಎದೆ ನಡುಗಿಸೋ ಬೇಸ್ ಬೇಡ ಅಂತ ಬಾಯಿಬಿಟ್ಟು ಹೇಳಿದ್ದೆ.

"ಸಾರ್, ನಿಮ್ಮ ಬಜೆಟ್ಟಿಗೆ 4000 ವ್ಯಾಟಿನ ಆಂಪ್ ಕೊಡ್ತೀನಿ, ಊರಲ್ಲಿ ಯಾರೂ ಕೊಡಲ್ಲ" ಅಂದ ಅಂಗಡಿಯವನು. ಹೆಸರಾಂತ ಕಂಪನಿಯ ಸ್ಪೀಕರ್ ಬಾಕ್ಸ್ ತೆಗೆದು ಕೈಗೇ ಕೊಟ್ಟ. ಅದೇ ಮಾಡೆಲ್ ಅಂತ ಗೋಡೆಯ ಡೆಮೊ ಬೋರ್ಡಿನಲ್ಲಿ ಕೇಳಿಸಿದ. ಚೆನ್ನಾಗೇ ಇತ್ತು. ದಪ್ಪ ಹಲಗೆಗೆ ಬಿಗಿದ ಸ್ಪೀಕರ್ ಚೆನ್ನಾಗೇ ಕೇಳುತ್ತೆ ಮಾರಾಯ್ರೆ, ತೆಳು ತಗಡಿನ ಡೋರಿಗೆ ಬಂದಾಗ ತಾನೆ ಬಣ್ಣ ಬಯಲಾಗೋದು. ಆಮೇಲೆ "ಇಲ್ಲಿ ಧೂಳು ಸಾರ್, ಊಟ ಮುಗಿಸ್ಕೊಂಡು ಆರಾಮಾಗಿ ಬನ್ನಿ" ಅಂತ ಕಳಿಸಿಬಿಟ್ಟ. ಅದು ಯಾಕೆ ಅಂತ ಈಗ ಗೊತ್ತಾಗಿದೆ.

ಸಂಜೆ ಬಂದಾಗ ಡೋರ್ ಪ್ಯಾಡ್ ಎಲ್ಲ ಮುಚ್ಚಿತ್ತು. ಜಿಎಸ್‌ಟಿ ಬಿಲ್ ಕೇಳಿದೆ. "ಬಿಲ್ ಬೇಕಂದ್ರೆ ರೇಟ್ ಬೇರೆ ಆಗುತ್ತೆ" ಅಂದು ಒಂದು ಎಸ್ಟಿಮೇಟ್ ಚೀಟಿ ಕೊಟ್ಟ. ಅದರಲ್ಲಿ "ಕಂಪ್ಲೀಟ್ ಸೌಂಡ್ ಸೆಟ್" ಅಂತ ಒಂದೇ ಸಾಲು. ಕಂಪನಿ ಹೆಸರಿಲ್ಲ, ಮಾಡೆಲ್ ನಂಬರಿಲ್ಲ.

ತೀರ್ಥಹಳ್ಳಿಗೆ ವಾಪಸ್ ಬರ್ತಾ ಮಂಡಗದ್ದೆ ದಾಟೋ ಹೊತ್ತಿಗೆ ಸ್ಪೀಕರಿನಿಂದ ಸೊಳ್ಳೆ ಕೂಗಿದ ಹಾಗೆ ಕುಂಯ್ ಅಂತ ಶುರುವಾಯ್ತು. ಆಕ್ಸಿಲರೇಟರ್ ಒತ್ತಿದಷ್ಟೂ ಜಾಸ್ತಿ. ಫೋನ್ ಮಾಡಿದ್ರೆ "ಹೊಸದು ಸಾರ್, ಸೆಟ್ ಆಗ್ಬೇಕು" ಅಂದ. ಮಳೆ ಹಿಡಿದ ಮೇಲೆ ಎಡಗಡೆ ಮ್ಯಾಟ್ ಒದ್ದೆ ಆಗೋಕೆ ಶುರು. ಮತ್ತೆ ಫೋನ್. "ಮಲೆನಾಡಲ್ಲಿ ಕಾರಿಗೆ ನೀರು ಬರ್ದೇ ಇರುತ್ತಾ ಸಾರ್?" ಇದು ನನಗೆ ಹೇಳೋ ಮಾತಾ! ಆಗುಂಬೆ ಘಾಟಿಯ ಮಳೆಯಲ್ಲೇ ವರ್ಷಗಟ್ಟಲೆ ಓಡಿದ ಕಾರು, ಒಂದು ಹನಿ ಒಳಗೆ ಬಂದಿರಲಿಲ್ಲ.

ಕೊನೆಗೆ ನಮ್ಮೂರ ಆಟೋ ಎಲೆಕ್ಟ್ರಿಶಿಯನ್ ಹತ್ರ ಡೋರ್ ಬಿಚ್ಚಿಸಿದೆ. ಭಾವನೂ ಜೊತೆಗಿದ್ರು. ಡೋರ್ ಪ್ಯಾಡಿನ ಹಿಂದೆ ಕಾರು ಕಂಪನಿಯವರೇ ಅಂಟಿಸಿರೋ ಪ್ಲಾಸ್ಟಿಕ್ ಶೀಟ್ ಇರುತ್ತೆ. ಗಾಜಿನ ಸಂದಿಯಿಂದ ಡೋರಿನೊಳಗೆ ಇಳಿಯೋ ನೀರು ಕಾರಿನೊಳಗೆ ಬರದೆ ಕೆಳಗಿನ ತೂತಿನಿಂದ ಹೊರಗೆ ಹೋಗೋ ಹಾಗೆ ತಡೆಯೋದೇ ಅದು. ಅದನ್ನ ಹರಿದು ಎಸೆದಿದ್ದಾರೆ! ಡ್ಯಾಂಪಿಂಗ್ ಶೀಟ್ ಅಂತ ದುಡ್ಡು ತಗೊಂಡಿದ್ದಕ್ಕೆ ಸ್ಪೀಕರ್ ಹಿಂದೆ ಅಂಗೈ ಅಗಲದ ಒಂದು ತುಂಡು. ಸ್ಪೀಕರ್ ಮೇಲೆ ಯಾವ ಹೆಸರೂ ಇಲ್ಲ, ಪೇಪರ್ ಕೋನ್ ನೀರು ಕುಡಿದು ಉಬ್ಬಿದೆ. ಬಾಕ್ಸಿನಲ್ಲಿ ತೋರಿಸಿದ ಸ್ಪೀಕರ್ ಅಲ್ಲವೇ ಅಲ್ಲ. ಹೊರಗಿನ ಗ್ರಿಲ್ ಮಾತ್ರ ಅದೇ ಕಂಪನಿದು. ಕ್ರಾಸ್‌ಓವರ್ ಇಲ್ಲ, ಟ್ವೀಟರ್ ವೈರಿಗೆ ಒಂದು ಪುಟ್ಟ ಕೆಪಾಸಿಟರ್ ಅಷ್ಟೆ. ಸಿಕ್ಕಿಸಿ ಜೋಡಿಸೋ ಕಪ್ಲರ್ ಹಾಕೋ ಬದಲು ಕಾರಿನ ಒರಿಜಿನಲ್ ವೈರನ್ನೇ ಕತ್ತರಿಸಿ, ತಿರುಚಿ ಟೇಪ್ ಸುತ್ತಿದ್ದಾರೆ.

ಆಮೇಲೆ ಎಲೆಕ್ಟ್ರಿಶಿಯನ್ ಬ್ಯಾಟರಿಯಿಂದ ಬಂದ ದಪ್ಪ ವೈರಿನ ತುದಿಯ ಒಂದು ಎಳೆಯನ್ನ ಬ್ಲೇಡಿನಲ್ಲಿ ಕೆರೆದ. ಮೇಲೆ ತಾಮ್ರದ ಬಣ್ಣ, ಒಳಗೆ ಬೆಳ್ಳಗೆ. "ಇದು ಅಲ್ಯೂಮಿನಿಯಂ ಅಣ್ಣ, ಮೇಲೆ ತಾಮ್ರದ ಲೇಪ" ಅಂದ. ಪೂರ್ತಿ ತಾಮ್ರದ್ದು ಅಂತಲೇ ಅಂಗಡಿಯವನು ಮೀಟರ್ ಲೆಕ್ಕದಲ್ಲಿ ದುಡ್ಡು ಹಾಕಿದ್ದು. ಬ್ಯಾಟರಿ ಪಕ್ಕ ಇರಲೇಬೇಕಾದ ಫ್ಯೂಸೂ ಇಲ್ಲ. ದಾರಿಯಲ್ಲಿ ಎಲ್ಲಾದ್ರೂ ವೈರ್ ಉಜ್ಜಿ ಕಾರಿನ ತಗಡಿಗೆ ತಾಗಿದ್ರೆ ಬೆಂಕಿ! ಮಕ್ಕಳನ್ನ ಕೂರಿಸ್ಕೊಂಡು ಓಡಾಡಿದ ಕಾರು. ಭಾವ ಏನೂ ಮಾತಾಡ್ಲಿಲ್ಲ. ನನಗೆ ತಲೆ ಎತ್ತೋಕಾಗ್ಲಿಲ್ಲ.

ಇನ್ನು ಆ 4000 ವ್ಯಾಟ್. ಆಂಪ್ ಹಿಂದಿನ ಫ್ಯೂಸ್ 30 ಆಂಪಿಯರ್. ಇಂಜಿನ್ ಓಡ್ತಾ ಇದ್ರೆ ಕಾರಿನಲ್ಲಿ ಸುಮಾರು 14 ವೋಲ್ಟ್. ಗುಣಿಸಿ ನೋಡಿ, ಹೆಚ್ಚೆಂದ್ರೆ 420 ವ್ಯಾಟ್ ಒಳಗೆ ಹೋಗುತ್ತೆ, ಅದರಲ್ಲೂ ಒಂದು ಪಾಲು ಬಿಸಿಯಾಗಿ ಹೋಗುತ್ತೆ. 4000 ಎಲ್ಲಿಂದ ಬರುತ್ತೆ? ಕುಂಯ್ ಶಬ್ದಕ್ಕೂ ಕಾರಣ ಸಿಕ್ತು. ಅರ್ತ್ ವೈರನ್ನ ತಗಡಿನ ಪೇಂಟ್ ಕೆರೆಯದೆ ಹಾಗೇ ಸ್ಕ್ರೂ ಹಾಕಿ ಕೂರಿಸಿದ್ರು, ಹಾಡಿನ ಸಿಗ್ನಲ್ ತರೋ ಆರ್‌ಸಿಎ ಕೇಬಲನ್ನ ಪವರ್ ವೈರಿನ ಜೊತೆಗೇ ಕಟ್ಟಿದ್ರು.

ಎಲ್ಲದರ ಫೋಟೋ ಹಿಡ್ಕೊಂಡು ಅಂಗಡಿಗೆ ಹೋದೆ. ಮೊದಲು "ಕೂತ್ಕೊಳ್ಳಿ ಸಾರ್, ಟೀ ತರಿಸ್ಲಾ?" ಫೋಟೋ ನೋಡಿದ ಮೇಲೆ "ನಮ್ಮ ಹುಡುಗ ಹಾಕಿದ್ದು, ಅವನು ಈಗ ಕೆಲಸ ಬಿಟ್ಟಿದಾನೆ." ಸ್ಪೀಕರ್ ಬದಲಾಗಿದ್ದು ಹೇಗೆ ಅಂದ್ರೆ "ಸಾರ್, ನೀವು ಹೊರಗಡೆ ಬಿಚ್ಚಿಸಿದ್ದೀರಿ, ವಾರಂಟಿ ಹೋಯ್ತು. ಅಲ್ಲೇ ಬದಲಾಯಿಸಿರಬಹುದಲ್ಲ?" ಇದು ಕೇಳಿ ಮೈ ಉರಿದುಹೋಯ್ತು. ಕೊನೆಗೆ "ಬಿಲ್ ಇದ್ಯಾ?" ಬಿಲ್ ಕೊಡದೇ ಇದ್ದವನೇ ಬಿಲ್ ಕೇಳ್ತಾನೆ! ಪಕ್ಕದಲ್ಲಿ ನಿಂತಿದ್ದ ಗಿರಾಕಿಗಳ ಎದುರಿಗೇ ನನ್ನನ್ನ ಜಗಳಗಂಟನ ಹಾಗೆ ಮಾಡಿಬಿಟ್ಟ.

ಹಾಕಿಸೋರಿಗೆ ಹೇಳೋದು ಇಷ್ಟೇ. ವ್ಯಾಟ್ ಅಂದ ಕೂಡಲೇ "ಆರ್‌ಎಂಎಸ್ ಎಷ್ಟು?" ಅಂತ ಕೇಳಿ (ಒಂದೇ ಸಮನೆ ನಿಜವಾಗಿ ಕೊಡೋ ವ್ಯಾಟ್ ಅದು), ಆಂಪ್ ತಿರುಗಿಸಿ ಫ್ಯೂಸ್ ನೋಡಿ. ಬಾಕ್ಸ್ ನಿಮ್ಮೆದುರೇ ಒಡೀಲಿ, ವೈರ್ ಕೆರೆದು ತೋರಿಸ್ಲಿ, ಪ್ಯಾಡ್ ಮುಚ್ಚೋ ಮುಂಚೆ ಫೋಟೋ ತೆಗೀರಿ. ಊಟಕ್ಕೆ ಹೋಗಿ ಬನ್ನಿ ಅಂದ್ರೆ ಅಲ್ಲೇ ಬುತ್ತಿ ಬಿಚ್ಚಿ. ದುಡ್ಡು ಕಮ್ಮಿ ಇದ್ರೆ ಆಂಪ್ ಆಮೇಲೆ ಹಾಕಿಸಿ, ಮುಂದಿನ ಸ್ಪೀಕರ್ ಮತ್ತು ಡ್ಯಾಂಪಿಂಗಿಗೆ ಮೊದಲು ದುಡ್ಡು ಹಾಕಿ.

ನಾನು ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. ಚೀಟಿ, ಫೋನ್‌ಪೇಯಲ್ಲಿ ದುಡ್ಡು ಹಾಕಿದ ದಾಖಲೆ, ಫೋಟೋ ಎಲ್ಲ ಇದೆ. ದುಡ್ಡು ವಾಪಸ್ ಬರ್ಲಿಲ್ಲ ಅಂದ್ರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗ್ತೀನಿ. 5 ಲಕ್ಷದವರೆಗಿನ ವ್ಯವಹಾರಕ್ಕೆ ಅಲ್ಲಿ ಶುಲ್ಕವೂ ಇಲ್ಲ. ಇದೇ ರೀತಿ "ಕಂಪ್ಲೀಟ್ ಸೌಂಡ್ ಸೆಟ್" ಅಂತ ಚೀಟಿ ಸಿಕ್ಕವರು ಬೇರೆ ಯಾರಾದ್ರೂ ಇದ್ರೆ ಅದನ್ನ ಎಸೀಬೇಡಿ, ಒಂದ್ಸಲ ಡೋರ್ ಬಿಚ್ಚಿಸಿ ನೋಡಿ.