ಸ್ಲಿಂಗ್ ಮಾಡೆಲ್ಸ್, ಯೂಸ್‌ಪೋಜೋ, ಬರೀ ವ್ಯಾಲ್ಯೂಮ್ಯಾಪ್: ಮೂರನ್ನೂ ಬಳಸಿ ನೋಡಿದೆ

ಮೊದಲೇ ಹೇಳಿಬಿಡುತ್ತೇನೆ, ನಾನು ಸ್ಲಿಂಗ್ ಮಾಡೆಲ್ಸ್ ಕಡೆಯವನು. ಈ ಮೂರೂ ಎಇಎಂನಲ್ಲಿ (ಅಡೋಬಿಯ ವೆಬ್‌ಸೈಟ್ ಕಟ್ಟುವ ಸಾಫ್ಟ್‌ವೇರ್) ಕಾಂಪೊನೆಂಟಿನ ಮಾಹಿತಿಯನ್ನು ಜಾವಾ ಕೋಡಿನಿಂದ ಓದುವ ದಾರಿಗಳು. ಒಂದೇ ಕಾರ್ಡ್ ಕಾಂಪೊನೆಂಟನ್ನು ಮೂರು ರೀತಿ ಬರೆದು ನೋಡಿದ ಮೇಲೆ ಈ ಮಾತು. ಚಿಕ್ಕ ಕಾರ್ಡ್: ಶೀರ್ಷಿಕೆ, ಚಿತ್ರ, ಒಂದು ಲಿಂಕ್.

ಬರೀ ವ್ಯಾಲ್ಯೂಮ್ಯಾಪ್, ಅಂದರೆ ಪ್ರಾಪರ್ಟಿ ಹೆಸರು ಕೊಟ್ಟರೆ ಮೌಲ್ಯ ಕೊಡುವ ಮ್ಯಾಪ್, ಎರಡು ಮೂರು ಪ್ರಾಪರ್ಟಿಗೆ ಸಾಕು. ಜಾಸ್ತಿಯಾದರೆ ಪ್ರಾಪರ್ಟಿ ಹೆಸರುಗಳು ಸ್ಟ್ರಿಂಗ್ ಆಗಿ ಕೋಡ್ ತುಂಬಾ ಚೆಲ್ಲಾಡುತ್ತವೆ.

ಡಬ್ಲ್ಯೂಸಿಎಂಯೂಸ್‌ಪೋಜೋ (ಮೇಲೆ ಯೂಸ್‌ಪೋಜೋ ಎಂದದ್ದು ಇದನ್ನೇ) ಶುರುವಿನಲ್ಲಿ ಹಾಯಾಗಿತ್ತು. ಆ ಕ್ಲಾಸನ್ನು ಎಕ್ಸ್‌ಟೆಂಡ್ ಮಾಡಿ ಆಕ್ಟಿವೇಟ್ ಮೆಥಡ್ ಬರೆದರೆ ಪ್ರಾಪರ್ಟಿ, ಈಗಿನ ಪುಟ, ರಿಕ್ವೆಸ್ಟ್ ಎಲ್ಲವೂ ಕೈಗೆ ಸಿಗುತ್ತವೆ. ಆದರೆ ಅದು ಎಚ್‌ಟಿಎಲ್ (ಎಇಎಂನ ಟೆಂಪ್ಲೇಟ್ ಭಾಷೆ) ಕೊಡುವ ಬೈಂಡಿಂಗ್ಸ್, ಅಂದರೆ ಸಿದ್ಧ ವೇರಿಯೇಬಲ್‌ಗಳನ್ನು ನಂಬಿಕೊಂಡಿದೆ. ಅದೇ ಕಾರ್ಡಿನ ಮಾಹಿತಿ ನಿಗದಿತ ಹೊತ್ತಿಗೆ ತಾನೇ ಓಡುವ ಒಂದು ಶೆಡ್ಯೂಲರ್‌ಗೂ ಬೇಕಾಯಿತು, ಅಲ್ಲಿ ರಿಕ್ವೆಸ್ಟೂ ಇಲ್ಲ, ಬೈಂಡಿಂಗ್ಸೂ ಇಲ್ಲ, ಹಾಗಾಗಿ ಓದುವ ಕೋಡನ್ನೇ ಇನ್ನೊಮ್ಮೆ ಬರೆದೆ.

ಸ್ಲಿಂಗ್ ಮಾಡೆಲ್‌ನಲ್ಲಿ ಕ್ಲಾಸಿನ ಫೀಲ್ಡ್ ಮೇಲೆ ಒಂದು ಅನೋಟೇಶನ್ (ಕೋಡಿಗೆ ಅಂಟಿಸುವ ಗುರುತು) ಹಾಕಿದರೆ ಮೌಲ್ಯ ತಾನೇ ಬಂದು ಕೂರುತ್ತದೆ. ಇಲ್ಲೂ ಒಂದು ತೊಡಕು ನನ್ನ ಎರಡು ದಿನ ತಿಂದಿತು. ಕಾರ್ಡನ್ನು ಪುಟದಲ್ಲಿ ಒಂದೇ ಇಟ್ಟರೆ ಚೆನ್ನಾಗಿ ಬರುತ್ತಿತ್ತು. ಪಟ್ಟಿ ಕಾಂಪೊನೆಂಟ್ ಒಳಗೆ ಒಂದೊಂದು ಚೈಲ್ಡ್ ರಿಸೋರ್ಸನ್ನೂ (ಪಟ್ಟಿಯೊಳಗಿನ ಕಾರ್ಡಿನ ಮಾಹಿತಿ) ಅಡಾಪ್ಟ್‌ಟು ಮೂಲಕ ಮಾಡೆಲ್ ಆಗಿ ಬದಲಿಸಿದರೆ ಎಲ್ಲವೂ ನಲ್, ಅಂದರೆ ಏನೂ ಇಲ್ಲ! ಪುಟದಲ್ಲಿ ಎರರ್ ಕೂಡ ಇಲ್ಲ, ಸುಮ್ನೆ ಖಾಲಿ ಜಾಗ. ನೋಡಿದರೆ, ಮಾಡೆಲ್ ಯಾವುದರಿಂದ ಹುಟ್ಟಬಹುದು ಎಂದು ಹೇಳುವ ಅಡಾಪ್ಟೆಬಲ್ಸ್‌ನಲ್ಲಿ ಸ್ಲಿಂಗ್ ರಿಕ್ವೆಸ್ಟ್ ಒಂದೇ ಇತ್ತು. ನಾನು ಕೊಡುತ್ತಿದ್ದದ್ದು ರಿಸೋರ್ಸ್.

ರಿಸೋರ್ಸನ್ನೂ ಸೇರಿಸಿದೆ. ಆಗಲೂ ನಲ್. ಈ ಸಲ ಅಡಾಪ್ಟ್‌ಟು ಬಿಟ್ಟು ಮಾಡೆಲ್ ಕಟ್ಟಿಕೊಡುವ ಮಾಡೆಲ್‌ಫ್ಯಾಕ್ಟರಿಯ ಕ್ರಿಯೇಟ್‌ಮಾಡೆಲ್ ಕರೆದೆ. ಅದು ನಲ್ ಕೊಟ್ಟು ಸುಮ್ಮನಾಗುವುದಿಲ್ಲ, ಯಾವ ಫೀಲ್ಡ್ ಸಿಗಲಿಲ್ಲ ಎಂದು ಎಕ್ಸೆಪ್ಶನ್‌ನಲ್ಲೇ ಹೇಳುತ್ತದೆ. ಎರಡು ಫೀಲ್ಡ್ ಸಿಕ್ಕಿಬಿದ್ದವು. ಒಂದು ಈಗಿನ ಪುಟ, ಅದು ಸ್ಕ್ರಿಪ್ಟಿನ ಬೈಂಡಿಂಗ್ಸ್‌ನಿಂದ ಬರುವುದು, ಬರೀ ರಿಸೋರ್ಸ್‌ಗೆ ಎಲ್ಲಿಂದ ಬರಬೇಕು? ಇನ್ನೊಂದು ಲಿಂಕ್. ಕೆಲವು ಕಾರ್ಡ್‌ಗಳಲ್ಲಿ ಲಿಂಕ್ ತುಂಬಿರಲೇ ಇಲ್ಲ, ಮತ್ತು ಬೇರೆ ಹೇಳದಿದ್ದರೆ ಪ್ರತಿ ಫೀಲ್ಡೂ ಕಡ್ಡಾಯ. ಒಂದು ಖಾಲಿಯಾದರೂ ಇಡೀ ಮಾಡೆಲ್ ಹುಟ್ಟುವುದೇ ಇಲ್ಲ.

ಪಟ್ಟಿಯಲ್ಲಿ ಈಗ ಅದೇ ಮಾಡೆಲ್‌ಫ್ಯಾಕ್ಟರಿಯ ಗೆಟ್‌ಮಾಡೆಲ್‌ಫ್ರಮ್‌ರ‍್ಯಾಪ್ಡ್‌ರಿಕ್ವೆಸ್ಟ್ ಬಳಸುತ್ತೇನೆ. ಇರುವ ರಿಕ್ವೆಸ್ಟನ್ನೇ ಚೈಲ್ಡ್ ರಿಸೋರ್ಸ್ ಸುತ್ತ ಹೊದಿಸಿ ಕೊಡುತ್ತದೆ. ಶೆಡ್ಯೂಲರ್‌ಗೆ ಬರೀ ರಿಸೋರ್ಸ್ ಸಾಕಾಗುವಂತೆ ಪುಟ, ಲಿಂಕ್ ಎರಡನ್ನೂ ಆಪ್ಷನಲ್ ಮಾಡಿದೆ. ಕ್ಲಾಸ್ ಮಟ್ಟದಲ್ಲೇ ಎಲ್ಲ ಫೀಲ್ಡನ್ನೂ ಆಪ್ಷನಲ್ ಮಾಡಬಹುದು, ನನಗೆ ಅದು ಬೇಡ. ಶೀರ್ಷಿಕೆ ಇಲ್ಲದ ಕಾರ್ಡ್ ಬಂದು ಏನು ಪ್ರಯೋಜನ, ಅಲ್ವಾ?

ಇಂಜೆಕ್ಟ್ ಅನೋಟೇಶನ್ ಬಗ್ಗೆ ಒಂದು ಮಾತು: ಅದು ಇಂಜೆಕ್ಟರ್‌ಗಳನ್ನು (ಫೀಲ್ಡಿಗೆ ಮೌಲ್ಯ ತಂದು ತುಂಬುವವು) ಒಂದೊಂದಾಗಿ ಕೇಳಿಕೊಂಡು ಹೋಗುತ್ತದೆ. ಅದರ ಬದಲು ಎಲ್ಲಿಂದ ಬೇಕೋ ಅದರ ಅನೋಟೇಶನನ್ನೇ, ವ್ಯಾಲ್ಯೂಮ್ಯಾಪ್‌ವ್ಯಾಲ್ಯೂ, ಚೈಲ್ಡ್‌ರಿಸೋರ್ಸ್ ಎಂದು ನೇರವಾಗಿ ಬರೆಯಿರಿ.

ನಾನು ಟೆಸ್ಟ್ ಬರೆಯದೆ ಕೋಡ್ ಕೊಡುವವನಲ್ಲ. ಎಇಎಂ ಮಾಕ್ಸ್‌ಗೆ (ಟೆಸ್ಟಿಗಾಗಿ ನಕಲಿ ಎಇಎಂ ಕೊಡುವ ಲೈಬ್ರರಿ) ಒಂದು ಜೇಸನ್ ಫೈಲ್ ಲೋಡ್ ಮಾಡಿ ಮಾಡೆಲನ್ನು ಕೆಲವೇ ಸಾಲಿನಲ್ಲಿ ಪರೀಕ್ಷಿಸಬಹುದು. ಯೂಸ್‌ಪೋಜೋಗೆ ಬೈಂಡಿಂಗ್ಸ್ ಕಟ್ಟುವುದರಲ್ಲೇ ನನ್ನ ಅರ್ಧ ಹೊತ್ತು ಹೋಗುತ್ತಿತ್ತು, ನನ್ನ ಬಳಿ ಇರುವುದೇ ಸ್ವಲ್ಪ ಹೊತ್ತು. ಹಳೆಯ ಯೂಸ್‌ಪೋಜೋ ಕ್ಲಾಸ್‌ಗಳನ್ನು ಹಾಗೇ ಬಿಟ್ಟಿದ್ದೇನೆ. ಯಾವುದಕ್ಕಾದರೂ ಹೊಸ ಫೀಲ್ಡ್ ಕೇಳಿದ ದಿನ ಅದನ್ನು ಮಾಡೆಲ್‌ಗೆ ಬದಲಿಸುತ್ತೇನೆ.